ಸಂಕದ ಮೇಲೆ ನಿಂತವರು

ಕ್ಯಾಪ್ಟನ್ ನಿಂತು ಹಡಗು ನಡೆಸುವ ಕೋಣೆಗೆ ‘ಬ್ರಿಡ್ಜ್’ ಎನ್ನುತ್ತಾರೆಂಬುದು ನನಗೆ ತಿಳಿದದ್ದು ಐವತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ನನ್ನ ಪಾಲಿಗೆ ಬ್ರಿಡ್ಜ್ ಎಂದರೆ ಸೇತುವೆ. ಸೇತುವೆ ಎಂದ ಕೂಡಲೇ ನಮ್ಮ ಕೊಟ್ಟಿಗೆಹಾರದ ಕಡೆಯವರ ಕಣ್ಣಿಗೆ ಮೊದಲು ಬರುವುದು ಕಾಂಕ್ರೀಟಿನದಲ್ಲ. ಹಳ್ಳಕ್ಕೆ ಅಡ್ಡವಾಗಿ ಎರಡು ಅಡಿಕೆ ಮರ ಒಗೆದು, ಕೈ ಆಸರೆಗೆ ಒಂದು ಬಿದಿರು ಕಟ್ಟಿದ ಸಂಕ.

ಮಗಳು ಅಳಿಯ ಅಮೆರಿಕದ ಸಿಯಾಟಲ್‌ನಲ್ಲಿದ್ದಾರೆ. 2023ರ ಮೇ ತಿಂಗಳ ರಜೆಗೆ ನಾವಿಬ್ಬರೂ ಹೋಗಿದ್ದಾಗ ಅವರು ಅಲಾಸ್ಕಾದ ಕಡೆಗೆ ಏಳು ದಿನದ ಹಡಗಿನ ಪ್ರವಾಸ ಗೊತ್ತುಮಾಡಿದ್ದರು. ಹಡಗೆಂದರೆ ಹಡಗಲ್ಲ, ಮೂಡಿಗೆರೆ ಪೇಟೆಯನ್ನೇ ಎತ್ತಿ ನೀರಿನ ಮೇಲೆ ಇಟ್ಟ ಹಾಗಿತ್ತು. ಎರಡು ದಿನ ತಿಂದು, ಕೂತು, ನೀರು ನೋಡಿ ನನಗೆ ಬೇಸರ ಬಂತು. ಕೆಲಸವಿಲ್ಲದೆ ಕೂರುವುದು ಟೀಚರುಗಳಿಗೆ ಒಗ್ಗದ ಸಂಗತಿ. ಅದನ್ನು ಕಂಡ ಮಗಳು, “ಅಮ್ಮ, ಹಡಗಿನ ಒಳಗಿನ ಕೆಲಸವನ್ನೆಲ್ಲ ತೋರಿಸ್ತಾರಂತೆ, ಅಡಿಗೆಮನೆ, ಬಟ್ಟೆ ಒಗೆಯೋದು, ಎಲ್ಲ. ನೀನು ಹೋಗು” ಎಂದು ಚೀಟಿ ಕೊಡಿಸಿದಳು. ಅದಕ್ಕೆ ಬೇರೆ ದುಡ್ಡು. ಎಷ್ಟೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹನ್ನೆರಡು ಜನರ ಗುಂಪು. ಮೊದಲು ಅಡಿಗೆಮನೆ. ಸಾವಿರಾರು ಜನರ ಊಟ, ಆದರೆ ಧರ್ಮಸ್ಥಳದ ಅನ್ನಪೂರ್ಣ ಛತ್ರವನ್ನು ಕಂಡವಳಿಗೆ ಅದು ಅಷ್ಟೇನೂ ಬೆರಗು ಹುಟ್ಟಿಸಲಿಲ್ಲ. ಬೆರಗಾದದ್ದು ಅಲ್ಲಿ ಕಲ್ಲಂಗಡಿ ಕೊಯ್ಯುತ್ತಿದ್ದ ಹುಡುಗನನ್ನು ಕಂಡು. ನನ್ನ ಸೀರೆ ನೋಡಿ, “ಎಲ್ಲಿಯವರಮ್ಮ?” ಎಂದು ಹಿಂದಿಯಲ್ಲಿ ಕೇಳಿದ. ಕರ್ನಾಟಕ, ಚಿಕ್ಕಮಗಳೂರು ಜಿಲ್ಲೆ, ಕೊಟ್ಟಿಗೆಹಾರ ಎಂದೆ. ಚಾಕು ಕೆಳಗಿಟ್ಟ. “ನನ್ನದು ಉಜಿರೆ ಅಮ್ಮ! ಘಾಟಿ ಹತ್ತಿದ್ರೆ ನಿಮ್ಮೂರು. ಅಲ್ಲಿ ಇಳಿದು ನೀರ್‌ದೋಸೆ ತಿನ್ನದೆ ನಾನು ಬೆಂಗಳೂರಿಗೆ ಹೋದದ್ದೇ ಇಲ್ಲ” ಅಂದ. ಅವನ ಮೇಲಿನವನು ತಿರುಗಿ ನೋಡಿದ, ಹುಡುಗ ಮತ್ತೆ ಚಾಕು ಹಿಡಿದ. ಒಂಬತ್ತು ತಿಂಗಳಿಂದ ಮನೆಗೆ ಹೋಗಿರಲಿಲ್ಲವಂತೆ. ಬಟ್ಟೆ ಒಗೆಯುವ ಜಾಗ ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯೇ ಇಲ್ಲ. ಅಲ್ಲಿಯ ಹುಡುಗರು ಬೆವರೊರೆಸಿಕೊಂಡು ನಮಗೆ ನಕ್ಕು ಕೈಮಾಡಿದರು. ನಾನೂ ನಕ್ಕೆ, ನಕ್ಕದ್ದಕ್ಕೆ ನಾಚಿಕೆಯೂ ಆಯಿತು.

ಕೊನೆಗೆ ಲಿಫ್ಟಿನಲ್ಲಿ ಮೇಲಕ್ಕೆ ಕರೆದೊಯ್ದರು. ಬ್ಯಾಗು ತಪಾಸಣೆ ಮಾಡಿ, ಜೋರಾಗಿ ಮಾತಾಡಬಾರದು, ಏನನ್ನೂ ಮುಟ್ಟಬಾರದು ಎಂದು ಹೇಳಿ ಒಂದು ದಪ್ಪ ಬಾಗಿಲು ತೆರೆದರು. ಅದೇ ಬ್ರಿಡ್ಜ್.

ಸಿನಿಮಾದಲ್ಲಿ ನೋಡಿದಂಥ ದೊಡ್ಡ ಮರದ ಚಕ್ರವನ್ನು ನಿರೀಕ್ಷಿಸಿದ್ದೆ. ಅಲ್ಲಿದ್ದದ್ದು ಮೊಮ್ಮಗನ ಆಟದ ಕಾರಿಗೆ ಇರುವಷ್ಟು ಪುಟ್ಟ ಚಕ್ರ, ಅದನ್ನೂ ಆಗ ಯಾರೂ ಹಿಡಿದಿರಲಿಲ್ಲ. ಹಡಗು ತಾನೇ ಹೋಗುತ್ತಿತ್ತು. ಒಂದು ತುದಿಯಿಂದ ಇನ್ನೊಂದು ತುದಿಗೆ ಬರೀ ಗಾಜು. ಗಾಜಿನ ಮುಂದೆ ಒಬ್ಬ ದೂರದರ್ಶಕ ಹಿಡಿದು ಸಮುದ್ರ ನೋಡುತ್ತ ನಿಂತಿದ್ದ, ಅಷ್ಟೇ ಅವನ ಕೆಲಸ. ಯಂತ್ರ ಎಷ್ಟಿದ್ದರೂ ಕಣ್ಣಿನಿಂದ ನೋಡುವ, ಕಿವಿಯಿಂದ ಕೇಳುವ ಮನುಷ್ಯನೊಬ್ಬ ಇರಲೇಬೇಕೆಂದು 1972ರ ಅಂತರರಾಷ್ಟ್ರೀಯ ಸಮುದ್ರ ನಿಯಮವೇ ಹೇಳುತ್ತದೆಯಂತೆ.

ನಮಗೆ ವಿವರಿಸಿದವಳು ಥರ್ಡ್ ಆಫೀಸರ್, ಇಟಲಿಯ ಹುಡುಗಿ, ಇಪ್ಪತ್ತೇಳು ಇರಬಹುದು. ಹಿಂದೆ ಹಬೆ ಹಡಗುಗಳಿಗೆ ಎರಡು ಪಕ್ಕಗಳಲ್ಲೂ ನೀರು ತಳ್ಳುವ ದೊಡ್ಡ ಚಕ್ರಗಳಿದ್ದವು. ಚಕ್ರ ಮುಚ್ಚುವ ಗೂಡುಗಳು ಅಡ್ಡ ಬಂದು ಕ್ಯಾಪ್ಟನ್‌ಗೆ ಮುಂದಿನದು ಕಾಣುತ್ತಿರಲಿಲ್ಲ. ಅದಕ್ಕೆ ಒಂದು ಗೂಡಿನ ತಲೆಯಿಂದ ಇನ್ನೊಂದರ ತಲೆಗೆ ಹಲಗೆ ಹಾಸಿ ಕಾಲುದಾರಿ ಮಾಡಿದರು. ಅದರ ಮೇಲೆ ನಿಂತು ಹಡಗು ನಡೆಸಿದರು. ಚಕ್ರ ಹೋಯಿತು, ಹಬೆ ಹೋಯಿತು, ಹೆಸರು ಉಳಿಯಿತು. ನಾನು ಮನಸ್ಸಿನಲ್ಲೇ ಅಂದುಕೊಂಡೆ: ಸಂಕ! ಇಷ್ಟು ದೊಡ್ಡ ಹಡಗನ್ನು ನಡೆಸುವುದು ಒಂದು ಸಂಕದ ಮೇಲೆ ನಿಂತು!

ರಾತ್ರಿ ಇಲ್ಲಿ ದೀಪವನ್ನೇ ಹಾಕುವುದಿಲ್ಲ, ಒಳಗೆ ಬೆಳಕಿದ್ದರೆ ಹೊರಗಿನದು ಕಾಣದು ಎಂದಳು. ಒಂದು ಗುಂಡಿ ತೋರಿಸಿದಳು. ಪಹರೆಯಲ್ಲಿರುವ ಅಧಿಕಾರಿ ಎಚ್ಚರವಾಗಿದ್ದಾನೆಯೇ ಎಂದು ನೋಡುವ ಯಂತ್ರದ್ದು. ಮೂರರಿಂದ ಹನ್ನೆರಡು ನಿಮಿಷದೊಳಗೆ ಎಷ್ಟಕ್ಕೆ ಹೊಂದಿಸಿರುತ್ತಾರೋ ಅಷ್ಟಕ್ಕೊಮ್ಮೆ ಅದು ಕೇಳುತ್ತದೆ. ಒತ್ತದಿದ್ದರೆ ಗಂಟೆ ಹೊಡೆದುಕೊಂಡು ಬೇರೆ ಅಧಿಕಾರಿಗಳನ್ನು ಎಬ್ಬಿಸುತ್ತದೆ. ಆಮೇಲೆ ಅಪ್ಪಣೆ ಕೊಡುವ ರೀತಿ. ಅಧಿಕಾರಿ ‘ಬಲಕ್ಕೆ ಹತ್ತು’ ಎಂದರೆ ಚಕ್ರ ಹಿಡಿದವನು ‘ಬಲಕ್ಕೆ ಹತ್ತು’ ಎಂದು ಗಟ್ಟಿಯಾಗಿ ಮರಳಿ ಹೇಳಬೇಕು. ತಿರುಗಿಸಿದ ಮೇಲೆ ಆಯಿತೆಂದು ಮತ್ತೆ ಹೇಳಬೇಕು. ಬರೀ ತಲೆಯಾಡಿಸುವುದು ಇಲ್ಲಿ ಉತ್ತರವಲ್ಲ.

ನಮ್ಮ ಗುಂಪಿನ ಒಬ್ಬ ಮುದುಕ ಕೇಳಿದ: “ಕ್ಯಾಪ್ಟನ್ ತಪ್ಪು ಹೇಳಿದರೆ?”

ಅವಳು ಒಂದಿಷ್ಟೂ ತಡವರಿಸದೆ, “ನಾನು ಹೇಳಬೇಕು. ಕೇಳಿಸದಿದ್ದರೆ ಮತ್ತೆ ಹೇಳಬೇಕು. ತಪ್ಪು ಕಂಡೂ ನಾನು ಸುಮ್ಮನಿದ್ದರೆ ಅದು ನನ್ನ ತಪ್ಪು” ಎಂದಳು. ಕ್ಯಾಪ್ಟನ್ ಎರಡು ಮಾರು ದೂರದಲ್ಲೇ ಕಾಫಿ ಕುಡಿಯುತ್ತಿದ್ದ. ಅವಳು ದನಿ ತಗ್ಗಿಸಲೂ ಇಲ್ಲ.

ಮುದುಕ ಬಿಡಲಿಲ್ಲ, ಕೋಸ್ಟಾ ಕಾಂಕಾರ್ಡಿಯಾದ ಮಾತೆತ್ತಿದ. ಅದೂ ಇಟಲಿಯದೇ ಹಡಗು. 2012ರ ಜನವರಿ 13ರ ರಾತ್ರಿ ಜಿಲ್ಯೊ ದ್ವೀಪಕ್ಕೆ ಸಲಾಮು ಹೊಡೆಯಲೆಂದು ದಡದ ಹತ್ತಿರಕ್ಕೆ ಒಯ್ದು ಬಂಡೆಗೆ ಬಡಿಸಿದರು. 4,229 ಜನರಿದ್ದರು, 32 ಜನ ಸತ್ತರು. ಎಲ್ಲರೂ ಇಳಿಯುವ ಮೊದಲೇ ಹಡಗು ಬಿಟ್ಟ ಕ್ಯಾಪ್ಟನ್‌ಗೆ 16 ವರ್ಷ ಜೈಲಾಯಿತು. ಕೊನೆಯವರೆಗೆ ಸಿಗದೆ ಉಳಿದಿದ್ದವನು ಒಬ್ಬ ಭಾರತೀಯ ವೇಟರ್. ಅವನ ಅಸ್ಥಿ ಸಿಕ್ಕಿದ್ದು 2014ರ ನವೆಂಬರಿನಲ್ಲಿ. ಆ ರಾತ್ರಿ ಬ್ರಿಡ್ಜಿನಲ್ಲಿ ಕೆಲಸವಿಲ್ಲದ ಅತಿಥಿಗಳೂ ಇದ್ದರಂತೆ. “ಅದಕ್ಕೇ ನಿಮಗೆ ಮಾತಾಡಬೇಡಿ ಅನ್ನುವುದು” ಎಂದು ಹುಡುಗಿ ನಕ್ಕಳು. “ಇಲ್ಲಿ ಕೆಲಸ ಇರುವವರು ಮಾತಾಡಲೇಬೇಕಲ್ಲ, ಅದು ಕೇಳಿಸಬೇಕು.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಡಗು ಮುಳುಗೀತೆಂಬ ಭಯದಿಂದಲ್ಲ. ಮೇಲೆ ಕತ್ತಲಲ್ಲಿ ಆ ಹುಡುಗಿ ಗಾಜಿನ ಮುಂದೆ ನಿಂತಿರುತ್ತಾಳೆ, ದೊಡ್ಡವರು ತಪ್ಪಿದರೆ ಹೇಳುತ್ತಾಳೆ ಎಂಬುದು ಧೈರ್ಯವನ್ನೇ ಕೊಟ್ಟಿತ್ತು. ನಿದ್ದೆ ಕೆಡಿಸಿದ್ದು ಬೇರೆ. ಅವಳು ಹೇಳಿದ ‘ಸುಮ್ಮನಿದ್ದರೆ’ ಎಂಬ ಮಾತು. ಮೂವತ್ತು ವರ್ಷ ತರಗತಿಯಲ್ಲಿ ನಾನು ಅತಿ ಹೆಚ್ಚು ಆಡಿದ ಮಾತು ‘ಸುಮ್ಮನಿರು’. ಕೈಕಟ್ಟು, ಬಾಯಿ ಮೇಲೆ ಬೆರಳಿಡು, ಸುಮ್ಮನಿರು. ಅದಕ್ಕೆ ಶಿಸ್ತು ಎಂದು ಹೆಸರು. ನಾನು ನಂಬಿದ್ದೂ ಹಾಗೆಯೇ.

ಹೇಳಿದರೂ ಕೇಳಿಸದಿದ್ದರೆ ಏನಾಗುತ್ತದೆಂದು ತಿಳಿಯಲು ಇಟಲಿಗೆ ಹೋಗಬೇಕಾಗಿಲ್ಲ. 2010ರ ಮೇ 22, ಶನಿವಾರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು ಎಂಟೇ ಜನ. ಆ ದಿನವಿಡೀ ಟಿ.ವಿ. ಮುಂದೆ ಕೂತು ಅತ್ತವರಲ್ಲಿ ನಾನೂ ಒಬ್ಬಳು. ವಿಮಾನ ಇಳಿಯುವಾಗ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು, ವೇಗವೂ ಹೆಚ್ಚಿತ್ತು. ಇಳಿಸುವುದು ಬೇಡ, ಮೇಲೆದ್ದು ಮತ್ತೊಂದು ಸುತ್ತು ಬರೋಣವೆಂದು ಸಹ ಪೈಲಟ್ ಮೂರು ಸಲ ಹೇಳಿದ್ದನ್ನು ವಿಚಾರಣೆಯ ವರದಿ ದಾಖಲಿಸಿತು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಆ ಹೊತ್ತಿನಲ್ಲಿ ಸಹ ಪೈಲಟ್ ಕೈಚಾಚಿ ತಾನೇ ಹಿಡಿತ ತೆಗೆದುಕೊಳ್ಳಬಹುದಿತ್ತು. ಹಾಗಾಗಲಿಲ್ಲ. ಸತ್ತವರನ್ನು ದೂರುವುದು ನನ್ನಂಥವಳಿಗೆ ಸಲ್ಲ. ನನಗೆ ಹೊಳೆಯುವುದು ಇಷ್ಟೇ: ಹಿರಿಯರ ಕೈ ತಡೆಯಬಾರದೆಂಬ ಪಾಠ ಚಿಕ್ಕಂದಿನಲ್ಲೇ ಮೈಗೆ ಇಳಿದಿರುತ್ತದೆ. ಯಾರೋ ಟೀಚರ್ ಕಲಿಸಿರುತ್ತಾರೆ.

ಹಾಗೆಂದು ಎಲ್ಲರೂ ಎಲ್ಲದಕ್ಕೂ ಬಾಯಿ ಹಾಕಿದರೆ ನಡೆದೀತೇ? ಇದನ್ನೂ ಯೋಚಿಸಿದೆ. ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದ ಮಂಜು ಹೇಗಿರುತ್ತದೆಂದು ಬಂದವರಿಗೆ ಗೊತ್ತು. ಬಸ್ಸಿನ ದೀಪ ಬಾನೆಟ್ಟಿನ ತುದಿಗೇ ನಿಂತುಬಿಡುತ್ತದೆ. ಒಂದು ಸಲ ಮುಂದಿನ ಸೀಟಿನ ಹೆಂಗಸೊಬ್ಬರು “ಬಲಕ್ಕೆ, ಬಲಕ್ಕೆ, ಅಯ್ಯೋ ಬಲಕ್ಕೆ” ಎನ್ನುತ್ತಲೇ ಇದ್ದರು. ಡ್ರೈವರ್ ಬಸ್ಸು ನಿಲ್ಲಿಸಿ, “ಅಮ್ಮಾ, ನೀವೇ ಬಂದು ಕೂತ್ಕೊಳ್ಳಿ, ನಾನು ಹಿಂದೆ ಹೋಗಿ ಮಲಗ್ತೀನಿ” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅವನು ಹೇಳಿದ್ದು ತಪ್ಪೆಂದು ಈಗಲೂ ಅನ್ನಲಾರೆ. ನಲವತ್ತು ಜನರು ಸ್ಟೀರಿಂಗ್ ಹಿಡಿದರೆ ಬಸ್ಸು ಕಣಿವೆಯಲ್ಲಿರುತ್ತದೆ.

ಆದರೆ ಅದೇ ಡ್ರೈವರ್ ಅಣ್ಣಪ್ಪ ಸ್ವಾಮಿ ಗುಡಿಯ ಮುಂದೆ ಕಾಣಿಕೆ ಹಾಕಿ, ಮುಂದಿನ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಮಾಡಿದ್ದೇನು? ಕಂಡಕ್ಟರ್ ಇಳಿದು ಬಸ್ಸಿನ ಹಿಂದೆ ನಿಂತ. “ಬರ್ಲಿ... ಬರ್ಲಿ... ಹೋಲ್ಡಾನ್!” ಎಂದ. ಆ ಕಂಡಕ್ಟರನಿಗೆ ಡ್ರೈವರನ ಅರ್ಧ ವಯಸ್ಸು. ಹೋಲ್ಡಾನ್ ಎಂದ ಕ್ಷಣಕ್ಕೆ ಬ್ರೇಕು ಬಿತ್ತು. ನಿನಗೇನು ಗೊತ್ತೆಂದು ಡ್ರೈವರ್ ಕೇಳಲಿಲ್ಲ, ಅವಮಾನವಾಯಿತೆಂದೂ ತಿಳಿಯಲಿಲ್ಲ. ಹಿಂದಿನ ಚಕ್ರ ಎಲ್ಲಿದೆಯೆಂದು ಕಾಣುವುದು ಹೊರಗೆ ನಿಂತವನಿಗೆ. ಬಸ್ಸು ನಡೆಸುವವನು ಡ್ರೈವರನೇ, ಅದರಲ್ಲಿ ಗೊಂದಲವಿಲ್ಲ. ಮಂಜು ಕವಿದಾಗ ಹಡಗು ಎರಡು ನಿಮಿಷ ಮೀರದಂತೆ ಒಮ್ಮೆ ಉದ್ದನೆಯ ಸಿಳ್ಳು ಹಾಕಬೇಕೆಂದು ಆ ಹುಡುಗಿ ಹೇಳಿದಾಗ ನನಗೆ ನಮ್ಮ ಕಂಡಕ್ಟರುಗಳ ಸೀಟಿಯೇ ನೆನಪಾಗಿತ್ತು. ನಿರ್ಧಾರ ಒಬ್ಬರದಿರಲಿ, ಕಂಡದ್ದನ್ನು ಹೇಳುವ ಹಕ್ಕು ಕಂಡವರದು. ಇಷ್ಟು ಸಣ್ಣ ವ್ಯತ್ಯಾಸವನ್ನು ಘಾಟಿಯ ಬಸ್ಸಿನವರು ಪಾಲಿಸುತ್ತ ಬಂದಿದ್ದಾರೆ. ಮನೆಗಳಲ್ಲಿ, ಶಾಲೆಗಳಲ್ಲಿ ನಮಗೆ ಸಾಧ್ಯವಾಗಲಿಲ್ಲ.

ಮನೆಯ ಮಾತು ಬಂದರೆ ನಮಗೆ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿಗೆ ಬಂಗಾರದ ಬೆಲೆ ಬಂತು. ನಮ್ಮ ನಂಟರೊಬ್ಬರು ಸಾಲ ತೆಗೆದು ತೋಟದ ಪಕ್ಕದ ಜಾಗ ಕೊಂಡರು, ಜೀಪು ಕೊಂಡರು. “ಈ ಬೆಲೆ ನಿಲ್ಲುತ್ತಾ? ಸಾಲ ಬೇಡ” ಎಂದದ್ದು ಅವರ ಹೆಂಡತಿ ಒಬ್ಬಳೇ. “ನಿನಗೇನು ಗೊತ್ತು, ಸುಮ್ಮನಿರು” ಎಂದರು. 2001ರ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಜೀಪು ಹೋಯಿತು, ಜಾಗವೂ ಹೋಯಿತು, ಅವಳ ಬಳೆಯೂ ಹೋಯಿತು. ಆ ಮಾತನ್ನು ಕೇಳಿ ಕೇಳಿ ಬೆಳೆದ ನಾವೇ ಕೈಗೆ ಬೆತ್ತ ಸಿಕ್ಕಿದ ದಿನ ಅದನ್ನೇ ಆಡಿದೆವು.

ಆ ರಾತ್ರಿ ನನ್ನನ್ನು ಹೆಚ್ಚು ಕಾಡಿದ್ದು ಕೊರಿಯಾದ ಹಡಗು. ಸೆವೋಲ್ ಎಂದು ಅದರ ಹೆಸರು. 2014ರ ಏಪ್ರಿಲ್ 16ರಂದು ಇಂಚಿಯಾನ್‌ನಿಂದ ಜೆಜು ದ್ವೀಪಕ್ಕೆ ಹೋಗುತ್ತಿತ್ತು. 476 ಜನರಲ್ಲಿ 325 ಮಂದಿ ಒಂದೇ ಹೈಸ್ಕೂಲಿನ ಮಕ್ಕಳು, ಶಾಲಾ ಪ್ರವಾಸ. ಮಿತಿ ಮೀರಿ ಸರಕು ತುಂಬಿದ್ದ ಹಡಗು ಒಂದು ತಿರುವಿನಲ್ಲಿ ವಾಲಿತು. ಕ್ಯಾಪ್ಟನ್ ಆಗ ಬ್ರಿಡ್ಜಿನಲ್ಲಿರಲಿಲ್ಲ, ತನ್ನ ಕೋಣೆಯಲ್ಲಿದ್ದ. ಇದ್ದಲ್ಲೇ ಇರಿ, ಅಲುಗಾಡಬೇಡಿ ಎಂದು ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಹೇಳಿದರು. ಮಕ್ಕಳು ಇದ್ದಲ್ಲೇ ಇದ್ದರು. ಹಡಗು ಸಹಾಯ ಕೇಳುವ ಮೂರು ನಿಮಿಷ ಮೊದಲೇ ಒಬ್ಬ ಹುಡುಗ ತನ್ನ ಫೋನಿನಿಂದ ತುರ್ತು ಸೇವೆಗೆ ಕರೆ ಮಾಡಿದ. ಕರಾವಳಿ ಪಡೆಯವರು ಅವನನ್ನೇ ಅಕ್ಷಾಂಶ ರೇಖಾಂಶ ಎಷ್ಟೆಂದು ಕೇಳಿದರಂತೆ! ಭೂಗೋಳದ ಪಾಠ ಮಾಡುವ ನನಗೆ ಇದನ್ನು ಓದಿದಾಗ ಕೈಕಾಲು ತಣ್ಣಗಾಗಿತ್ತು. ಆ ಹುಡುಗ ಉಳಿಯಲಿಲ್ಲ. ಒಟ್ಟು 304 ಜನ ಹೋದರು, ಅವರಲ್ಲಿ 250 ಮಂದಿ ಆ ಶಾಲೆಯ ಮಕ್ಕಳು. ಮಕ್ಕಳ ಬಳಿಗೆ ಇಳಿದುಹೋಗಿ ಮರಳಿ ಬಾರದ ಶಿಕ್ಷಕರೂ ಇದ್ದರು. ಕ್ಯಾಪ್ಟನ್ ಮೊದಮೊದಲ ದೋಣಿಗೇ ಇಳಿದು ಪಾರಾದ, ಮರುವರ್ಷ ಜೀವಾವಧಿ ಶಿಕ್ಷೆಯಾಯಿತು.

ಅವು ಒಳ್ಳೆಯ ಮಕ್ಕಳು. ನಾವು ಟೀಚರುಗಳು ಯಾವುದನ್ನು ಒಳ್ಳೆಯ ತರಗತಿ ಎನ್ನುತ್ತೇವೆಯೋ ಅಂಥ ಮಕ್ಕಳು.

ಇನ್ನು ನನ್ನ ಸಂಕದ ವಿಷಯ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ, ಮನೆಯವರಿಗೂ.

1994ರ ಜುಲೈ. ಕೊಟ್ಟಿಗೆಹಾರದಿಂದ ಒಳಗಿನ ಒಂದು ಸಣ್ಣ ಶಾಲೆ, ನಾನು ಸೇರಿ ಮೂರನೆಯ ವರ್ಷ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಹೆಡ್‌ಮಾಸ್ಟರು ಮೀಟಿಂಗಿಗೆಂದು ಮೂಡಿಗೆರೆಗೆ ಹೋಗಿದ್ದರು, ನಾನೊಬ್ಬಳೇ. ನಾಲ್ಕೂವರೆಯ ಬಸ್ಸು ತಪ್ಪಿದರೆ ನನಗೆ ಬೇರೆ ಬಸ್ಸಿಲ್ಲ. ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊರಡಿಸುತ್ತಿದ್ದೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲೇ ನಿಂತಳು.

“ಟೀಚರ್, ಹಳ್ಳದ ನೀರು ಕೆಂಪಾಗಿದೆ. ಸಂಕ ಬೆಳಿಗ್ಗೇನೇ ಅಲ್ಲಾಡ್ತಿತ್ತು.”

ನಾನು ಕಡೂರು ಸೀಮೆಯವಳು. ಕೆರೆ ತುಂಬಿದರೆ ಬಾಗಿನ ಕೊಡುವ ಊರಿನವಳು. ಹಳ್ಳದ ನೀರು ಕೆಂಪಾದರೆ ಮೇಲೆ ಗುಡ್ಡದಲ್ಲಿ ಮಣ್ಣು ಕಿತ್ತಿದೆ, ಇನ್ನೂ ನೀರು ಬರುತ್ತದೆ ಎಂಬ ಅರ್ಥ ನನಗೆ ತಿಳಿದಿರಲಿಲ್ಲ. ಅದು ಗೊತ್ತಿದ್ದವಳು ಆ ಒಂಬತ್ತು ವರ್ಷದವಳು.

“ಸುಮ್ಮನೆ ಲೈನಲ್ಲಿ ನಡಿ. ದೊಡ್ಡವರಿಗೆ ಬುದ್ಧಿ ಹೇಳ್ಬೇಡ” ಎಂದೆ.

ನಡೆದಳು. ಎಲ್ಲರೂ ಸಾಲಾಗಿ ನಡೆದರು. ನಾನು ಬೀಗ ಹಾಕಿ ಬಸ್ಸಿನ ಕಡೆ ತಿರುಗಿದೆ. ಸಂಕದ ನಡುವೆ ಅಡಿಕೆ ಮರವೊಂದು ಜಾರಿತು. ಎರಡನೇ ತರಗತಿಯ ಹುಡುಗನ ಕಾಲು ತಪ್ಪಿತು. ಹಿಂದಿದ್ದ ಈ ಹುಡುಗಿ ಅವನ ಚೀಲದ ಪಟ್ಟಿ ಹಿಡಿದು ಬಿಡಲಿಲ್ಲವಂತೆ. ಕೆಲಸ ಮುಗಿಸಿ ಲೈನ್‌ಮನೆಗೆ ಹೋಗುತ್ತಿದ್ದ ತೋಟದ ಆಳುಗಳು ಕೂಗು ಕೇಳಿ ಓಡಿಬಂದು ಇಬ್ಬರನ್ನೂ ಎಳೆದುಕೊಂಡರು. ಹುಡುಗನ ಸ್ಲೇಟು, ಒಂದು ಚಪ್ಪಲಿ ಹೋದವು. ಅಷ್ಟೇ. ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ, ಹುಡುಗನ ಅಪ್ಪ ಶಾಲೆಗೆ ಬಂದಾಗ. ಬೈಯುತ್ತಾನೆಂದು ನಡುಗುತ್ತಿದ್ದೆ. ಅವನು ಕಂಬಳಿ ತೆಗೆದು ಕೈಮುಗಿದು, “ಇವನು ನೆಟ್ಟಗೆ ನಡೆಯೋದಿಲ್ಲ ಟೀಚರಮ್ಮ, ಪುಂಡ. ನೀವು ಬೇಜಾರು ಮಾಡ್ಕೋಬೇಡಿ” ಎಂದ. ನಾನೇ ಕಳಿಸಿದ್ದು, ಈ ಹುಡುಗಿ ಮೊದಲೇ ಹೇಳಿದ್ದಳು ಎಂಬ ಮಾತು ನಾಲಗೆಯ ತನಕ ಬಂತು. “ಇನ್ನು ಮೇಲೆ ಹುಷಾರಾಗಿ ಕಳಿಸಿ” ಎಂದುಬಿಟ್ಟೆ!

ಹುಡುಗಿ ಆ ವರ್ಷ ಮತ್ತೆ ತಾನಾಗಿ ಬಾಯಿ ಬಿಡಲಿಲ್ಲ. ಕೇಳಿದ್ದಕ್ಕೆ ಉತ್ತರ, ಉಳಿದಂತೆ ಕೈಕಟ್ಟಿ ಕೂರುವುದು. ಮಾರ್ಚಿಯಲ್ಲಿ ಪ್ರಗತಿ ಪತ್ರ ಬರೆಯುವಾಗ ಅವಳ ಹೆಸರಿನ ಮುಂದೆ ‘ನಡತೆ: ಅತ್ಯುತ್ತಮ’ ಎಂದು ಬರೆದೆ. ಆಗ ನನಗೆ ಅದು ಸರಿಯಾಗಿಯೇ ಕಂಡಿತ್ತು, ಅದೇ ಈಗ ನುಂಗಲಾಗದ್ದು.

ಅಲ್ಲಿ ಈಗ ಸಂಕವಿಲ್ಲ, ಕಾಂಕ್ರೀಟಿನ ಮೋರಿಯಾಗಿದೆ. ಹಡಗಿನಿಂದ ಬಂದ ಮೇಲೆ ನಾನು ಬೇರೆ ಮನುಷ್ಯಳಾದೆ ಎಂದು ಹೇಳಿದರೆ ಸುಳ್ಳಾದೀತು. ಜೂನ್‌ನಲ್ಲಿ ಶಾಲೆ ತೆರೆದ ವಾರವೇ, ಬೋರ್ಡಿನ ಲೆಕ್ಕದಲ್ಲಿ ತಪ್ಪಿದೆ ಎಂದ ಹುಡುಗನಿಗೆ “ಮೊದಲು ನಿನ್ನ ಪುಸ್ತಕ ನೋಡ್ಕೋ” ಎಂದು ಗದರಿಸಿದೆ. ಆಮೇಲೆ ನೋಡಿದರೆ ತಪ್ಪಿತ್ತು. ತಿದ್ದಿದೆ, ಅವನಿಗೆ ಹೇಳಿಯೂ ಹೇಳಿದೆ. ಗದರುವುದು ಮೊದಲು, ನೋಡುವುದು ಆಮೇಲೆ. ಮೂವತ್ತು ವರ್ಷದ ಅಭ್ಯಾಸ.

ಹೋದ ಮಳೆಗಾಲ ಕೊಟ್ಟಿಗೆಹಾರದ ಬಸ್‌ಸ್ಟಾಂಡಿನಲ್ಲಿ ಅವಳು ಸಿಕ್ಕಳು. ಕಳಸದ ಕಡೆ ಕೊಟ್ಟಿದ್ದಾರೆ. ಜೊತೆಗೆ ಒಂಬತ್ತು ಹತ್ತು ವರ್ಷದ ಮಗಳು. ಕೊಡೆಯಡಿಯಲ್ಲಿ ನಿಂತು ಮಾತಾಡಿದೆವು. ಕೊನೆಗೆ ಧೈರ್ಯ ಮಾಡಿ ಕೇಳಿದೆ, “ಆ ಸಂಕದ ದಿನ ನೀನು ನನಗೆ ಹೇಳಿದ್ದು ನೆನಪಿದೆಯಾ?”

“ಬಿದ್ದದ್ದು ನೆನಪಿದೆ ಟೀಚರ್. ನಾನೇನು ಹೇಳಿದ್ದೆ? ನಿಮ್ಮ ಎದುರಿಗೆ ನಾವು ಬಾಯಿ ಬಿಡ್ತಾನೇ ಇರಲಿಲ್ಲವಲ್ಲ” ಎಂದು ನಕ್ಕಳು. ಅದನ್ನು ಅವಳು ನನಗೆ ಮರ್ಯಾದೆ ಎಂದೇ ಹೇಳಿದ್ದು. ಆಮೇಲೆ ಮಗಳ ಭುಜ ಅಲ್ಲಾಡಿಸಿ, “ಇವಳಿಗೆ ಸ್ವಲ್ಪ ಬುದ್ಧಿ ಹೇಳಿ ಟೀಚರ್. ಯಾರು ಏನು ಅಂತ ನೋಡೋದಿಲ್ಲ, ಮಾತು, ಮಾತು. ಈಗಲೂ ನೋಡಿ, ದೊಡ್ಡವರು ಮಾತಾಡೋವಾಗ ನನ್ನ ಸೆರಗು ಜಗ್ಗುತ್ತಾ ಇದ್ದಾಳೆ” ಎಂದಳು.

ಮಗು ನನ್ನನ್ನೇ ನೋಡುತ್ತಿತ್ತು. ಏನಮ್ಮ ಹೇಳ್ತಿದ್ದೆ, ಎಂದು ಕೇಳಿದೆ.

“ನಿಮ್ಮ ಕೊಡೆ ಹಿಂದುಗಡೆ ಸೋರ್ತಾ ಇದೆ. ನಿಮ್ಮ ಬ್ಯಾಗು ಪೂರ್ತಿ ಒದ್ದೆ ಆಗಿದೆ” ಎಂದಿತು.

ತಿರುಗಿಸಿ ನೋಡಿದೆ. ಮಕ್ಕಳ ಉತ್ತರ ಪತ್ರಿಕೆಗಳಿದ್ದ ಬ್ಯಾಗು, ತೊಟ್ಟಿಕ್ಕುತ್ತಿತ್ತು.